ಕಲಿಯುವ ಕೈಗೆ ಯಾವ ವೆಲ್ಡಿಂಗ್ ರಾಡು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿ ಟ್ರ್ಯಾಕ್ಟರ್ ಟ್ರೇಲರ್, ಗೇಟು, ಗ್ರಿಲ್ ಹಾಗೂ ಶೆಡ್ಡಿನ ಕೆಲಸ ಮಾಡುವ ಸಣ್ಣ ವರ್ಕ್‌ಶಾಪುಗಳಿಗೆ ಪ್ರತಿವರ್ಷ ಹೊಸ ಹುಡುಗರು ಸೇರುತ್ತಾರೆ. ಕೆಲವರು ಐಟಿಐನಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಪಡೆದವರು. ಉಳಿದವರು ಕೆಲಸ ಮಾಡುತ್ತಲೇ ಕಲಿಯುವವರು. ಅವರ ಕೈಗೆ ಕೊಡುವ ರಾಡನ್ನು ಕೊಳ್ಳುವವರು ಮಾಲೀಕರು. ಈ ಖರೀದಿಯು ಬಹುಮಟ್ಟಿಗೆ ಪೊಟ್ಟಣದ ಬೆಲೆಯನ್ನಷ್ಟೇ ನೋಡಿ ನಡೆಯುವುದರಿಂದ, ಆಯ್ಕೆಯ ತತ್ವವನ್ನು ತಿಳಿದಿರುವುದು ಲಾಭದಾಯಕ.

ಹೊದಿಕೆ ಮತ್ತು ಅಂಕಿಗಳು

ರಾಡಿನ ಒಳತಂತಿ ಕರಗಿ ಬೆಸುಗೆಯಾಗುತ್ತದೆ. ಹೊರಹೊದಿಕೆಯು ಉರಿದು ಅನಿಲವನ್ನೂ ಸ್ಲ್ಯಾಗನ್ನೂ ಉಂಟುಮಾಡಿ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಪಾಡುತ್ತದೆ. ಆದ್ದರಿಂದ ರಾಡಿನ ಗುಣವನ್ನು ನಿರ್ಧರಿಸುವುದು ಮುಖ್ಯವಾಗಿ ಹೊದಿಕೆಯೇ. ಭಾರತೀಯ ಮಾನಕ ಐಎಸ್ 814ರ ಸಂಕೇತದಲ್ಲಿ ‘ಆರ್’ ಎಂದರೆ ರುಟೈಲ್, ‘ಬಿ’ ಎಂದರೆ ಬೇಸಿಕ್, ‘ಸಿ’ ಎಂದರೆ ಸೆಲ್ಯುಲೋಸ್ ಹೊದಿಕೆ. ಪೊಟ್ಟಣದ ಮೇಲೆ ಅಮೆರಿಕನ್ ಸಂಕೇತವೂ ಇರುವುದುಂಟು. ಅದರ ‘ಇ-6013’ರಲ್ಲಿ 60 ಎಂಬುದು ಬೆಸುಗೆಯ ಕನಿಷ್ಠ ಕರ್ಷಣ ಬಲವನ್ನು, ಅಂದರೆ ಚದರ ಅಂಗುಲಕ್ಕೆ 60,000 ಪೌಂಡನ್ನು ಸೂಚಿಸುತ್ತದೆ, ಮುಂದಿನ 1 ಎಲ್ಲ ಭಂಗಿಗಳಲ್ಲೂ ಬಳಸಬಹುದೆಂಬುದನ್ನು ತಿಳಿಸುತ್ತದೆ, ಕೊನೆಯ ಎರಡಂಕಿಗಳು ಸೇರಿ ಹೊದಿಕೆಯ ಬಗೆಯನ್ನು ಹೇಳುತ್ತವೆ.

ಕಲಿಯುವವರಿಗೆ ಇ-6013 ರುಟೈಲ್ ರಾಡೇ ಸೂಕ್ತ. ಇದು ಎಸಿ ಟ್ರಾನ್ಸ್‌ಫಾರ್ಮರ್ ಯಂತ್ರಕ್ಕೂ ಡಿಸಿ ಇನ್ವರ್ಟರ್ ಯಂತ್ರಕ್ಕೂ ಹೊಂದುತ್ತದೆ. ಆರ್ಕ್ ಸುಲಭವಾಗಿ ಹತ್ತುತ್ತದೆ, ನಿಂತರೂ ಬೇಗನೆ ಮರಳಿ ಹತ್ತುತ್ತದೆ. ಸ್ಲ್ಯಾಗ್ ಸಲೀಸಾಗಿ ಬಿಡುತ್ತದೆ. ಇ-6010 ಸೆಲ್ಯುಲೋಸ್ ರಾಡಿಗೆ ಡಿಸಿ ಯಂತ್ರವೇ ಬೇಕು; ಎಸಿ ಯಂತ್ರವಿರುವ ಅಂಗಡಿಗೆ ಅದು ವ್ಯರ್ಥ ಖರೀದಿ.

ಗಾತ್ರ ಮತ್ತು ಆಂಪಿಯರ್

ಅಂಗಡಿಯಲ್ಲಿ ‘ಹನ್ನೆರಡು ಗೇಜ್’ ಎನ್ನುವುದು 2.5 ಮಿ.ಮೀ., ‘ಹತ್ತು ಗೇಜ್’ 3.15 ಮಿ.ಮೀ., ‘ಎಂಟು ಗೇಜ್’ 4 ಮಿ.ಮೀ. ರಾಡು. ಸಾಮಾನ್ಯವಾಗಿ ರಾಡಿನ ವ್ಯಾಸ ಬೆಸೆಯುವ ತಗಡಿನ ದಪ್ಪವನ್ನು ಮೀರಬಾರದು. 2.5 ಮಿ.ಮೀ. ರಾಡಿಗೆ ಸುಮಾರು 60ರಿಂದ 90, 3.15 ಮಿ.ಮೀ. ರಾಡಿಗೆ ಸುಮಾರು 90ರಿಂದ 130 ಆಂಪಿಯರ್ ಬೇಕಾಗುತ್ತದೆ. ನಿಖರ ಮಿತಿ ಪೊಟ್ಟಣದ ಮೇಲೆಯೇ ಮುದ್ರಿತವಾಗಿರುತ್ತದೆ. ಆರಂಭದ ಅಭ್ಯಾಸಕ್ಕೆ 5-6 ಮಿ.ಮೀ. ದಪ್ಪದ ಫ್ಲಾಟ್ ತುಂಡುಗಳೂ 3.15 ಮಿ.ಮೀ. ರಾಡೂ ಹಿತಕರ. ತೆಳು ಚೌಕ ಪೈಪಿನಲ್ಲಿ ಮೊದಲ ದಿನವೇ ಕೂರಿಸಿದರೆ ರಂಧ್ರ ಬೀಳುವುದಲ್ಲದೆ ಹುಡುಗನ ಧೈರ್ಯವೂ ಕುಂದುತ್ತದೆ.

ವೆಚ್ಚದ ಲೆಕ್ಕ

350 ಮಿ.ಮೀ. ಉದ್ದದ ರಾಡಿನಲ್ಲಿ 50 ಮಿ.ಮೀ. ತುಂಡು ಉಳಿಸಿ ಎಸೆದರೆ 300 ಮಿ.ಮೀ. ಬಳಕೆಯಾಗುತ್ತದೆ, 100 ಮಿ.ಮೀ. ಉಳಿಸಿದರೆ 250 ಮಾತ್ರ. ಅಂದರೆ ಐದು ರಾಡಿನ ಕೆಲಸಕ್ಕೆ ಆರು ಬೇಕಾಗುತ್ತದೆ. ಇದಲ್ಲದೆ, ಕೆಟ್ಟ ಬೆಸುಗೆಯನ್ನು ಕೆತ್ತಿ ಮತ್ತೆ ಹಾಕುವಾಗ ರಾಡೂ ಕೂಲಿಯೂ ಎರಡು ಬಾರಿ ಖರ್ಚಾಗಿ, ಗ್ರೈಂಡಿಂಗ್ ಡಿಸ್ಕು ಮತ್ತು ವಿದ್ಯುತ್ತಿನ ವೆಚ್ಚ ಹೆಚ್ಚುವರಿಯಾಗಿ ಸೇರುತ್ತದೆ. ಜಿಎಸ್‌ಟಿ ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದ ಕಾರಣ, ವ್ಯರ್ಥವಾದ ರಾಡಿನ ಮೇಲಿನ ತೆರಿಗೆಯೂ ಅವರದೇ ವೆಚ್ಚ. ಆದುದರಿಂದ ಪೊಟ್ಟಣದ ಬೆಲೆಯನ್ನಲ್ಲ, ಒಂದು ಮೀಟರ್ ಒಳ್ಳೆಯ ಬೆಸುಗೆಗೆ ತಗುಲಿದ ಒಟ್ಟು ಖರ್ಚನ್ನು ಹೋಲಿಸಬೇಕು. ಅಭ್ಯಾಸಕ್ಕೆ ಕೊಟ್ಟ ರಾಡನ್ನು ತರಬೇತಿ ವೆಚ್ಚವೆಂದು ಪ್ರತ್ಯೇಕವಾಗಿ ಬರೆದಿಟ್ಟರೆ, ಗಿರಾಕಿಯ ಕೆಲಸದ ನಿಜವಾದ ಲಾಭವೂ ತಿಳಿಯುತ್ತದೆ.

ಮಿತಿಯನ್ನು ಅರಿಯುವುದು

ಟ್ರೇಲರಿನ ಕೊಂಡಿ, ಆಕ್ಸಲ್ ಆಧಾರ ಮುಂತಾದ ಭಾರ ಹೊರುವ ದಪ್ಪ ಭಾಗಗಳು ಕಲಿಯುವವರ ಕೆಲಸವಲ್ಲ. ಅಲ್ಲಿ ಇ-7018ರಂತಹ ಕಡಿಮೆ ಹೈಡ್ರೋಜನ್ ರಾಡನ್ನು ಅನುಭವಿ ವೆಲ್ಡರ್ ಬಳಸುವುದು ಕ್ಷೇಮ. ಆದರೆ ಆ ರಾಡು ತೇವ ಹೀರಿದರೆ, ಅದರಿಂದ ಹೊರಟ ಹೈಡ್ರೋಜನ್ ಬೆಸುಗೆಯ ಬದಿಯಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ತರಬಹುದು. ಪೊಟ್ಟಣ ಒಡೆದ ಮೇಲೆ ತಯಾರಕರ ಸೂಚನೆಯಂತೆ, ಸಾಮಾನ್ಯವಾಗಿ 300ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಓವನ್ನಿನಲ್ಲಿ ಕಾಯಿಸಿ ಬಳಸಬೇಕು. ಓವನ್ ಇಲ್ಲದೆ ಇ-7018 ಕೊಳ್ಳುವುದು ಹೆಚ್ಚು ಹಣ ತೆತ್ತು ಅಪಾಯ ತಂದಂತೆ. ಕೊಂಡಿ ಮುರಿಯುವುದು ವರ್ಕ್‌ಶಾಪಿನಲ್ಲಲ್ಲ, ಶೇಂಗಾ ಇಲ್ಲವೆ ಮೆಕ್ಕೆಜೋಳ ಹೇರಿದ ಟ್ರೇಲರ್ ಹೆದ್ದಾರಿಯಲ್ಲಿ ಸಾಗುವಾಗ; ಹಿಂದೆ ಬರುವ ವಾಹನದವರ ಜೀವವೂ ಆ ಬೆಸುಗೆಯನ್ನೇ ಅವಲಂಬಿಸಿರುತ್ತದೆ.

ಬಯಲುಸೀಮೆಯ ಹವೆ ಒಣದಾದರೂ ಮಳೆಗಾಲದಲ್ಲಿ ಎಚ್ಚರ ಅಗತ್ಯ. ಪೊಟ್ಟಣವನ್ನು ಸಿಮೆಂಟ್ ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಇಡಬೇಕು, ಹೊದಿಕೆ ಉದುರಿದ ರಾಡನ್ನು ಬಳಸಬಾರದು. ಖರೀದಿಯ ವೇಳೆ ಐಎಸ್‌ಐ ಮುದ್ರೆ, ಸಂಕೇತ, ಬ್ಯಾಚ್ ಸಂಖ್ಯೆಗಳನ್ನು ನೋಡಿ, ಬಿಲ್ಲನ್ನು ತಪ್ಪದೆ ಪಡೆಯಬೇಕು. ಹುಡುಗನ ಕೈ ಕುದುರುವವರೆಗೆ ಒಂದೇ ತಯಾರಕರ, ಒಂದೇ ಗಾತ್ರದ ಇ-6013 ರಾಡನ್ನೇ ಕೊಟ್ಟರೆ, ತಪ್ಪು ಕೈಯದೋ ರಾಡಿನದೋ ಎಂಬುದು ಮಾಲೀಕರಿಗೂ ಕಲಿಯುವವನಿಗೂ ಸ್ಪಷ್ಟವಾಗುತ್ತದೆ.