ಮಾತು ತೊಡಕುವ ಮಕ್ಕಳಿಗೆ ಆಟದ ನೆರವು

ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ನೀರಿನ ತೊಂದರೆ ಹೇಳಲು ಎದ್ದ ಮಗು ಇತರರ ನಗೆಗೆ ಅಂಜಿ ಕುಳಿತರೆ, ಆ ಅಹವಾಲು ನಡವಳಿ ಪುಸ್ತಕಕ್ಕೆ ಸೇರುವುದೇ ಇಲ್ಲ. ಆದುದರಿಂದ ಮಾತಿನ ತೊಡಕು ಪಂಚಾಯತಿಗೂ ಸಂಬಂಧಿಸಿದ ವಿಷಯವಾಗಿದೆ.

‘ರಾಗಿ’ಯನ್ನು ‘ಲಾಗಿ’ ಎನ್ನುವ ಮಗುವನ್ನು ಪದೇ ಪದೇ ತಿದ್ದುವುದಕ್ಕಿಂತ ಆಟವೇ ಮೇಲು. ಚೀಲದಲ್ಲಿ ರಾಗಿಯ ಪೊಟ್ಟಣ, ರಬ್ಬರು, ರೊಟ್ಟಿಯ ಚಿತ್ರ ಇರಿಸಿ, ಕೈಗೆ ಸಿಕ್ಕಿದ್ದನ್ನು ಹೆಸರಿಸಲು ಹೇಳಬೇಕು. ತಪ್ಪಿದಲ್ಲಿ ಶಿಕ್ಷಕರು ಸರಿಯಾದ ರೂಪವನ್ನು ತಾವೇ ನುಡಿದು ಆಟ ಮುಂದುವರಿಸತಕ್ಕದ್ದು. ಒಬ್ಬರ ವಾಕ್ಯಕ್ಕೆ ಮತ್ತೊಬ್ಬರು ವಾಕ್ಯ ಸೇರಿಸುವ ಸರಣಿ ಕತೆ, ಒಗಟು ಇವು ಪದಸಂಪತ್ತನ್ನು ಬೆಳೆಸುತ್ತವೆ. ಉಗ್ಗುವ ಮಗುವಿಗೆ ಮಾತ್ರ ವೇಗವಾಗಿ ನುಡಿಯುವ ಪಂದ್ಯ ಸಲ್ಲದು. ಎಲ್ಲರೊಡನೆ ಹಾಡುವಾಗ ಅದೇ ಮಗು ಬಹುಮಟ್ಟಿಗೆ ತಡೆಯಿಲ್ಲದೆ ನುಡಿಯುವುದನ್ನು ಕಾಣಬಹುದು.

ಆಟಕ್ಕೂ ಮೊದಲು ಶ್ರವಣ ಪರೀಕ್ಷೆ ಅಗತ್ಯ. ಕಿವಿಗೆ ಬೀಳದ ಧ್ವನಿ ನಾಲಿಗೆಗೆ ಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುವ ದಿನ ಇಂತಹ ಮಕ್ಕಳು ಗೈರಾಗದಂತೆ ಆಯಾ ವಾರ್ಡಿನ ಸದಸ್ಯರು ಪೋಷಕರಿಗೆ ತಿಳಿಸುವುದು ಸೂಕ್ತ. ಹೆಚ್ಚಿನ ತಪಾಸಣೆ, ಚಿಕಿತ್ಸೆಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದೊರೆಯುತ್ತವೆ. ಊರಿನಲ್ಲಿ ಅಭ್ಯಾಸ ಮುಂದುವರಿಸಲು ಅರಿವು ಕೇಂದ್ರದ ಒಂದು ಮೂಲೆ ಸಾಕು.