ಚೀಲದಲ್ಲಿ ಹಿಡಿಯುವ ದುರ್ಬೀನು
(ಅಂತಿಮ ಬಿ.ಎ. ವಿದ್ಯಾರ್ಥಿ)

ದುರ್ಬೀನು ಎಂಬ ಮಾತು ಪಾರಸಿಯಿಂದ ಬಂದು ನಮ್ಮ ಹಳ್ಳಿಗಳಲ್ಲಿಯೂ ನೆಲೆಗೊಂಡದ್ದು. 'ದೂರ್' ಎಂದರೆ ದೂರ, 'ಬೀನ್' ಎಂದರೆ ನೋಡುವಂಥದು. ಈ ಹೆಸರೇ ಕೊಳ್ಳುವವನ ದಾರಿ ತಪ್ಪಿಸುತ್ತದೆಂದು ನನಗೆ ತೋರುತ್ತದೆ. ಹೆಸರು ಕೇಳಿದವನಿಗೆ ದೂರದ್ದೊಂದೇ ಚಿಂತೆ. ಎಷ್ಟು ದೂರದ್ದು ಕಾಣುತ್ತದೆ, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದೇ ಅಂಗಡಿಯಲ್ಲಿ ಅವನ ಮೊದಲ ಪ್ರಶ್ನೆ. ಹಕ್ಕಿ ನೋಡುವವನಿಗಾದರೋ ದೂರಕ್ಕಿಂತ ಬೆಳಕು ಮುಖ್ಯ. ಈ ಒಂದು ಸಂಗತಿಯನ್ನು ಲೆಕ್ಕ ಹಾಕಿ ತಿಳಿಸುವುದು ಈ ಲೇಖನದ ಉದ್ದೇಶ. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು; ಭೌತಶಾಸ್ತ್ರದ ಅಧಿಕಾರ ನನಗಿಲ್ಲ. ಆದರೆ ಇಲ್ಲಿ ಬೇಕಾದ ಗಣಿತ ಭಾಗಾಕಾರವನ್ನು ಮೀರುವುದಿಲ್ಲವಾದ್ದರಿಂದ ಧೈರ್ಯಮಾಡಿದ್ದೇನೆ.

ಸಣ್ಣ ದುರ್ಬೀನನ್ನೇ ಏಕೆ ಎತ್ತಿಕೊಂಡೆನೆಂದರೆ, ನಮ್ಮಂಥವರು ಹಕ್ಕಿ ನೋಡುವ ರೀತಿಗೆ ಅದೇ ತಕ್ಕದ್ದು. ಹಕ್ಕಿಗಾಗಿಯೇ ರಜೆ ಹಾಕಿ, ಜೀಪು ಮಾಡಿಕೊಂಡು ಕಾಡಿಗೆ ಹೋಗುವವರ ಮಾತು ಬೇರೆ. ನಾವು ಬಸ್ಸಿಳಿದು ಕಾಲೇಜಿಗೆ ನಡೆಯುವಾಗ ಕೆರೆಯ ಏರಿಯ ಮೇಲೆ, ಭಾನುವಾರ ಊರಿಗೆ ಹೋದಾಗ ಗದ್ದೆಯ ಬದುವಿನ ಮೇಲೆ, ಬಸ್ಸು ಕೆಟ್ಟು ನಿಂತಾಗ ರಸ್ತೆಯ ಪಕ್ಕದ ಆಲದ ಮರದಲ್ಲಿ, ಹೀಗೆ ದಾರಿಯಲ್ಲಿ ಸಿಕ್ಕಿದ್ದನ್ನು ನೋಡುವವರು. ಪುಸ್ತಕ, ಬುತ್ತಿ, ಕೊಡೆಗಳ ಜೊತೆಗೆ ಚೀಲದಲ್ಲಿ ಹಿಡಿಯದ ವಸ್ತು ಕ್ರಮೇಣ ಹಾಸ್ಟೆಲಿನ ಟ್ರಂಕನ್ನು ಸೇರುತ್ತದೆ. ಹಕ್ಕಿ ನೋಡುವವರು ಸಾಮಾನ್ಯವಾಗಿ ಮೆಚ್ಚುವ 8×42 ಅಳತೆಯ ದುರ್ಬೀನು ಸುಮಾರು 600ರಿಂದ 800 ಗ್ರಾಂ ತೂಗುತ್ತದೆ. 8×25 ಅಳತೆಯದು 250ರಿಂದ 400 ಗ್ರಾಂ. ಹಗಲೆಲ್ಲ ಕೊರಳಲ್ಲಿ ನೇತುಹಾಕಿಕೊಂಡವನಿಗೆ ಈ ವ್ಯತ್ಯಾಸ ಸಂಜೆಯ ಹೊತ್ತಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಣದ ಮಾತೂ ಇದೆ. ದುರ್ಬೀನಿನ ಬೆಲೆ ಕೆಲವು ನೂರು ರೂಪಾಯಿಗಳಿಂದ ಹಿಡಿದು ಹತ್ತಾರು ಸಾವಿರದಾಚೆಗೂ ಏರುತ್ತದೆ. ನಾವು ಒಂದೇ ಕೊಠಡಿಯ ಮೂವರು, ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದನ್ನು ಕೂಡಿಹಾಕಿ ಒಂದನ್ನು ಕೊಳ್ಳಬೇಕೆಂದು ನಿಶ್ಚಯಿಸಿದೆವು. ಆ ಹಣ ಕೆಲಸಕ್ಕೆ ಬಾರದ ವಸ್ತುವಿಗೆ ಹೋದರೆ ಇನ್ನೊಂದನ್ನು ಕೊಳ್ಳುವ ಮಾತೇ ಇರಲಿಲ್ಲ. ಮೂವರ ಮನೆಯಲ್ಲಿಯೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ನಮ್ಮ ಖರ್ಚಿನ ಪ್ರತಿ ರೂಪಾಯಿಗೂ ಊರಿನಲ್ಲಿ ಲೆಕ್ಕ ಕೇಳುವವರಿದ್ದಾರೆ. ವಿಷಯ ತಿಳಿದಾಗ ನಮ್ಮ ತಂದೆ, "ಹಕ್ಕಿ ನೋಡಕೆ ದೇವ್ರು ಕೊಟ್ಟ ಕಣ್ ಸಾಲ್ದೇನ್ಲಾ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಬೇಲಿಯೊಳಗೆ ಕೆಂಬೂತ ಕೂಗಿದರೂ, ಬಯಲಿನಲ್ಲಿ ಟಿಟ್ಟಿಭ ಕಿರುಚಿದರೂ ಅವರು ತಲೆಯೆತ್ತದೆಯೇ ಹೆಸರು ಹೇಳಬಲ್ಲರು. ಆದರೆ ಕೆರೆಯ ನೀರುಕಾಗೆಗಳೆಲ್ಲ ಅವರಿಗೆ ಬರಿಯ ನೀರುಕಾಗೆಗಳು. ನಮ್ಮ ಕೆರೆಗಳಿಗೆ ಬರುವ ನೀರುಕಾಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳಿವೆ. ಅವುಗಳಲ್ಲೊಂದರ ಕಣ್ಣು ನೀಲಿ ಬೆರೆತ ಹಸಿರು. ಆ ಹಸಿರು ಬರಿಗಣ್ಣಿಗೆ ಕಾಣದು. ತಂದೆಯವರಿಗೆ ನಾನು ಕೊಟ್ಟ ಉತ್ತರವೂ ಇಷ್ಟೇ.

ಇನ್ನು ಅಂಕಿಗಳಿಗೆ ಬರೋಣ. ದುರ್ಬೀನಿನ ಮೈಮೇಲೆ 8×25 ಎಂದೋ 10×42 ಎಂದೋ ಬರೆದಿರುತ್ತಾರೆ. ಮೊದಲಿನ ಅಂಕಿ, ವಸ್ತು ಎಷ್ಟು ಪಟ್ಟು ಹತ್ತಿರ ಬಂದಂತೆ ಕಾಣುತ್ತದೆಂಬುದು. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. 50 ಮೀಟರ್ ಆಚೆ ತಂತಿಯ ಮೇಲೆ ಕುಳಿತ ಮಿಂಚುಳ್ಳಿ 8ರ ದುರ್ಬೀನಿನಲ್ಲಿ ಆರೂಕಾಲು ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. 10ರದರಲ್ಲಿ 5 ಮೀಟರ್ ದೂರದಲ್ಲಿದ್ದಂತೆ. ಹೆಚ್ಚಿನ ಅಂಕಿಗೆ ಆಸೆಪಟ್ಟು ನಾವು ಗಳಿಸುವುದು ಈ ಒಂದೂಕಾಲು ಮೀಟರ್. ಇದಕ್ಕಾಗಿ ತೆರುವ ಬೆಲೆಯೇನೆಂಬುದನ್ನು ಅಂಗಡಿಯವನು ಹೇಳುವುದಿಲ್ಲ.

ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿರಿ. 25ನ್ನು 8ರಿಂದ ಭಾಗಿಸಿದರೆ 3.1, 25ನ್ನು 10ರಿಂದ ಭಾಗಿಸಿದರೆ 2.5, 42ನ್ನು 8ರಿಂದ ಭಾಗಿಸಿದರೆ 5.2. ದುರ್ಬೀನಿನಿಂದ ಕಣ್ಣಿನ ಕಡೆಗೆ ಹೊರಬೀಳುವ ಬೆಳಕಿನ ಬಿಲ್ಲೆಯ ಅಗಲ ಇದು, ಮಿಲಿಮೀಟರುಗಳಲ್ಲಿ. ದುರ್ಬೀನನ್ನು ತೋಳಿನಳತೆ ದೂರ ಹಿಡಿದು ಆಕಾಶದ ಕಡೆಗೆ ತಿರುಗಿಸಿದರೆ ಕಣ್ಣಿಡುವ ಗಾಜಿನಲ್ಲಿ ಎರಡು ಬೆಳ್ಳಗಿನ ಬಿಲ್ಲೆಗಳು ಕಾಣುತ್ತವೆ, ಅವೇ. ಈಗ ನಮ್ಮ ಕಣ್ಣಿನ ಪಾಪೆಯ ಕಡೆ ನೋಡೋಣ. ಬಿರುಬಿಸಿಲಿನಲ್ಲಿ ಅದು 2–3 ಮಿ.ಮೀ.ಗೆ ಕುಗ್ಗಿರುತ್ತದೆ; ಕತ್ತಲೆಯಲ್ಲಿ ಎಳೆಯರ ಪಾಪೆ 7 ಮಿ.ಮೀ.ವರೆಗೆ ಅರಳಬಲ್ಲದು. ಪಾಪೆಗಿಂತ ಅಗಲವಾದ ಬಿಲ್ಲೆಯಲ್ಲಿ ಹೆಚ್ಚಿನ ಬೆಳಕು ಹೊರಗೇ ಉಳಿಯುತ್ತದೆ. ಪಾಪೆಗಿಂತ ಕಿರಿದಾದ ಬಿಲ್ಲೆಯಲ್ಲಿ ಕಣ್ಣು ಅರೆಹೊಟ್ಟೆ ಉಣ್ಣುತ್ತದೆ.

ಇದರಿಂದ ತಿಳಿಯುವುದೇನು? ಬೆಳಿಗ್ಗೆ ಒಂಬತ್ತು ಗಂಟೆಯ ಬಿಸಿಲಿನಲ್ಲಿ 3.1ರ ಬಿಲ್ಲೆ ಪಾಪೆಯನ್ನು ತುಂಬುತ್ತದೆ; ಆಗ ಚೀಲದ ದುರ್ಬೀನು ದೊಡ್ಡದಕ್ಕಿಂತ ಮಂಕೆಂದು ಯಾರೂ ದೂರುವಂತಿಲ್ಲ. ಆದರೆ ಬೆಳಗಿನ ಜಾವ ಪಾಪೆ 5 ಮಿ.ಮೀ.ಗೆ ಅರಳಿರುವಾಗ 8×42 ಅದನ್ನು ತುಂಬಿದರೆ, 8×25 ತುಂಬುವುದು ಐದರಲ್ಲಿ ಎರಡು ಪಾಲನ್ನು ಮಾತ್ರ, 10×25 ನಾಲ್ಕರಲ್ಲಿ ಒಂದು ಪಾಲನ್ನು. ಹಕ್ಕಿಗಳು ಹೆಚ್ಚು ಓಡಾಡುವುದು ಆ ಹೊತ್ತಿನಲ್ಲಿಯೇ. ಊದಾಬಣ್ಣದ ಸೂರಕ್ಕಿಯ ಗಂಡು ಮಬ್ಬಿನಲ್ಲಿ ಬರಿಯ ಕರಿಯ ಹಕ್ಕಿ. ಬೆಳಕು ಬಿದ್ದಾಗಲೇ ಅದರ ಮೈ ನೀಲಿ, ನೇರಿಳೆಗಳಾಗಿ ಮಿನುಗುವುದು. ಮಂಕಾದ ದುರ್ಬೀನು ಅದನ್ನು ಹತ್ತು ಪಟ್ಟು ಹತ್ತಿರ ತಂದರೂ ಹತ್ತು ಪಟ್ಟು ಹತ್ತಿರದ ಕರಿಯ ಹಕ್ಕಿಯನ್ನೇ ತೋರಿಸೀತು. ಆದುದರಿಂದ ಮುಂದಿನ ಮಸೂರ 25 ಮಿ.ಮೀ. ಇರುವಲ್ಲಿ 8ನ್ನು ಮೀರಬಾರದೆಂದು ನಮ್ಮ ತೀರ್ಮಾನವಾಯಿತು. ಕೊಂಚ ಭಾರವಾದರೂ ಚಿಂತೆಯಿಲ್ಲ, ಹಣವೂ ಇದೆ ಎನ್ನುವವರಿಗೆ 8×32 ಒಳ್ಳೆಯ ನಡುದಾರಿ. ಅದರ ಬಿಲ್ಲೆ 4 ಮಿ.ಮೀ.

ಕೈ ನಡುಗುವುದು ಇನ್ನೊಂದು ತೊಡಕು. ದುರ್ಬೀನು ಹಕ್ಕಿಯ ಜೊತೆಗೆ ನಮ್ಮ ಕೈಯ ಅಲುಗಾಟವನ್ನೂ ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಹಗುರವಾದದ್ದು ಇನ್ನೂ ಬೇಗ ಅಲುಗುತ್ತದೆ. ಚಲಿಸುವ ಬಸ್ಸಿನ ಕಿಟಕಿಯಿಂದ ನೋಡುವೆನೆಂಬ ಆಸೆಯನ್ನು ಬಿಟ್ಟುಬಿಡಬೇಕು. ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಕುಳಿತವನಿಗೂ 8 ಸಾಕು, 10 ಬೇಡ. ಅಲ್ಲಿ ಕೊಕ್ಕರೆಗಳು ಬಂಡೆಗಳ ಮೇಲೆ, ಮರಗಳ ಮೇಲೆ ಅಷ್ಟು ಸಮೀಪದಲ್ಲಿರುತ್ತವೆ. ಸಲೀಂ ಅಲಿಯವರ ಸಲಹೆಯಂತೆ ಅದು ಪಕ್ಷಿಧಾಮವಾದದ್ದು 1940ರಲ್ಲಿ. ಮದ್ದೂರಿನ ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು ಮನೆಗಳ ನಡುವಣ ಮರಗಳಲ್ಲಿಯೇ ಗೂಡು ಕಟ್ಟುತ್ತವೆ; ದುರ್ಬೀನಿಲ್ಲದೆ ಹೋದವನಿಗೂ ಅಲ್ಲಿ ಏನೂ ಕೊರತೆಯಿಲ್ಲ.

ಹರವಿನ ವಿಷಯ. 8×25ರ ನೋಟ ಸುಮಾರು ಆರೂವರೆ ಡಿಗ್ರಿ ಅಗಲವಿದ್ದರೆ 1000 ಮೀಟರ್ ದೂರದಲ್ಲಿ 113 ಮೀಟರ್ ಅಗಲದ ದೃಶ್ಯ ಕಾಣುತ್ತದೆ. ಇದನ್ನು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ನಾವು ನೋಡುವುದು ಹತ್ತು ಮೀಟರ್ ಆಚೆಯ ಹೊಂಗೆಯ ಮರವನ್ನಾದ್ದರಿಂದ ಅಲ್ಲಿ ಸಿಕ್ಕುವುದು ಒಂದು ಮೀಟರಿಗಿಂತ ತುಸು ಹೆಚ್ಚು. ಎಲೆಯಿಂದ ಎಲೆಗೆ ಹಾರುವ ಪುಟ್ಟ ಹಕ್ಕಿಯನ್ನು ಆ ಒಂದು ಮೀಟರಿನೊಳಗೆ ಹಿಡಿಯಬೇಕು. ಹರವು ಕಿರಿದಾದಷ್ಟೂ, ಕಣ್ಣಿಗೆ ದುರ್ಬೀನನ್ನು ಏರಿಸಿ ಹುಡುಕುವಷ್ಟರಲ್ಲಿ ಕೊಂಬೆ ಖಾಲಿ.

ಮಸೂರಗಳ ನಡುವೆ ಪಟ್ಟಕಗಳಿರುತ್ತವೆ. ಇಲ್ಲದಿದ್ದರೆ ಹಕ್ಕಿ ತಲೆಕೆಳಗಾಗಿ ಕಂಡೀತು. ಇಟಲಿಯ ಪೋರೋ ಎಂಬಾತ 1854ರಲ್ಲಿ ಹಕ್ಕು ಪಡೆದ ಪಟ್ಟಕದ ಜೋಡಣೆಯನ್ನು ಜರ್ಮನಿಯ ಝೈಸ್ ಕಾರ್ಖಾನೆ 1894ರಲ್ಲಿ ಜೋಡಿ ದುರ್ಬೀನಾಗಿ ಮಾರುಕಟ್ಟೆಗೆ ತಂದಿತು. ಈ ಬಗೆಯದರಲ್ಲಿ ಕೊಳವೆ ಅಂಕುಡೊಂಕು. ಇನ್ನೊಂದು ಬಗೆಯಲ್ಲಿ ಕೊಳವೆಗಳು ನೆಟ್ಟಗಿದ್ದು, ಮಡಿಸಿದರೆ ಅಂಗೈಯಲ್ಲಿ ಅಡಗುತ್ತವೆ. ನೋಡಲು ಬಲು ಚೆಂದ. ಆದರೆ ಈ ನೆಟ್ಟನೆಯ ಬಗೆಯ ಪಟ್ಟಕಕ್ಕೆ ಕನ್ನಡಿಯ ಲೇಪವೂ, ಚಿತ್ರ ಸ್ಫುಟವಾಗಲು ಇನ್ನೊಂದು ವಿಶೇಷ ಲೇಪವೂ ಬೇಕು, ಎರಡೂ ದುಬಾರಿ. ಅಗ್ಗದವುಗಳಲ್ಲಿ ಉಳಿತಾಯ ಮಾಡುವುದು ಇಲ್ಲಿಯೇ. ಆದ್ದರಿಂದ ಕಡಿಮೆ ಹಣವಿರುವವನಿಗೆ ಪೋರೋ ಬಗೆಯದೇ ಲಾಭ. ಅದರಲ್ಲಿಯೂ ಮುಂದಿನ ಮಸೂರಗಳು ಒಂದಕ್ಕೊಂದು ಹತ್ತಿರವಾಗಿ, ಕಣ್ಣಿನ ಮಸೂರಗಳು ದೂರವಾಗಿರುವ ತಿರುವುಮುರುವು ಪೋರೋ ಒಂದಿದೆ, ಚೀಲದಲ್ಲಿ ಹಿಡಿಯುತ್ತದೆ. ನೆಟ್ಟನೆಯದಕ್ಕಿಂತ ತುಸು ದಪ್ಪ, ಮಳೆಗೆ ಹೆಚ್ಚು ತಾಳುವಂಥದಲ್ಲ. ನಾವು ಕೊಂಡದ್ದು ಇದನ್ನೇ.

ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ನೂರರಲ್ಲಿ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ಹತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಪಾಲು ಸೋರಿಹೋಗುತ್ತದೆ. ಝೈಸ್ ಕಾರ್ಖಾನೆಯ ಸ್ಮಾಕುಲಾ 1935ರಲ್ಲಿ ಇದಕ್ಕೆ ಲೇಪದ ಉಪಾಯವನ್ನು ಕಂಡುಹಿಡಿದರು. ಈಗ 'ಕೋಟೆಡ್' ಎಂದು ಬರೆದಿದ್ದರೆ ಎಲ್ಲಿಯೋ ಒಂದೆರಡು ಕಡೆ ಒಂದು ಪದರವಿದೆ ಎಂದಷ್ಟೇ ತಿಳಿಯಬೇಕು. 'ಫುಲ್ಲಿ ಮಲ್ಟಿ ಕೋಟೆಡ್' ಎಂದಿದ್ದರೆ ಗಾಳಿಗೆ ತಾಗುವ ಎಲ್ಲ ಮೇಲ್ಮೈಗಳಿಗೂ ಹಲವು ಪದರಗಳಿವೆ ಎಂದು ಅರ್ಥ. ಜಾತ್ರೆಯ ಅಂಗಡಿಗಳಲ್ಲಿ ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮಸೂರದ ದುರ್ಬೀನುಗಳಿರುತ್ತವೆ. ಮಸೂರ ಕೆಂಪಗೆ ಹೊಳೆಯುತ್ತದೆಂದರೆ ಕೆಂಪು ಬೆಳಕನ್ನು ನಮಗೆ ಕೊಡದೆ ಹೊರಗೇ ತಳ್ಳುತ್ತಿದೆಯೆಂದೇ ಅರ್ಥವಲ್ಲವೆ? ಅದರಲ್ಲಿ ನೋಡಿದ ಮಿಂಚುಳ್ಳಿಯ ಕಂದುಹೊಟ್ಟೆ ಬಣ್ಣಗೆಟ್ಟು ಕಾಣುತ್ತದೆ.

ಇದೇ ಅಂಗಡಿಗಳಲ್ಲಿ ಅಂಗೈಯಗಲದ ವಸ್ತುವಿನ ಮೇಲೆ 30×60 ಎಂದು ಬರೆದಿರುವುದೂ ಉಂಟು. ಅಳತೆಪಟ್ಟಿಯನ್ನು ಮುಂದಿನ ಮಸೂರದ ಮೇಲಿಟ್ಟರೆ ಸುಳ್ಳು ಅಲ್ಲಿಯೇ ಬಯಲಾಗುತ್ತದೆ. ಗಾಜಿನ ಅಗಲ 60 ಮಿ.ಮೀ.ನ ಅರ್ಧಕ್ಕೂ ಬರುವುದಿಲ್ಲ. 25 ಮಿ.ಮೀ. ಗಾಜಿನಿಂದ ನಿಜವಾಗಿಯೂ 30 ಪಟ್ಟು ಮಾಡಿದ್ದರೆ ಬೆಳಕಿನ ಬಿಲ್ಲೆ ಒಂದು ಮಿಲಿಮೀಟರೂ ಇರುತ್ತಿರಲಿಲ್ಲ. ಎಳೆದು ಹೆಚ್ಚಿಸುವ 'ಜೂಮ್' ಬಗೆಯ ಸಣ್ಣ ದುರ್ಬೀನುಗಳೂ ನಮಗೆ ಬೇಡ.

ಮೂವರಿಗೆ ಒಂದೇ ದುರ್ಬೀನಾದ್ದರಿಂದ ನಮಗೆ ಇನ್ನೊಂದು ಚಿಂತೆಯಿತ್ತು. ಒಬ್ಬನಿಗೆ ಕನ್ನಡಕ. ಕನ್ನಡಕದ ಮೇಲೆಯೇ ನೋಡಿದರೆ ಕಣ್ಣು ಮಸೂರದಿಂದ ದೂರ ಉಳಿದು ದೃಶ್ಯದ ಅಂಚೆಲ್ಲ ಕಪ್ಪಾಗುತ್ತದೆ. 'ಐ ರಿಲೀಫ್' ಎಂದು ಬರೆದಿರುವ ಅಳತೆ 15 ಮಿ.ಮೀ.ಗೆ ಕಡಿಮೆಯಿಲ್ಲದಿದ್ದರೆ, ರಬ್ಬರಿನ ಬಟ್ಟಲನ್ನು ಮಡಿಸಿ ಅವನೂ ಪೂರ್ತಿ ನೋಡಬಹುದು. ಸಣ್ಣ ದುರ್ಬೀನುಗಳಲ್ಲಿ ಬಹಳಷ್ಟು ಸೋಲುವುದು ಇಲ್ಲಿಯೇ. ಬಲಗಣ್ಣಿನ ಬಳಿ ತಿರುಗುವ ಬಳೆಯೊಂದಿರುತ್ತದೆ. ಮೊದಲು ಬಲಗಡೆಯ ಮುಂದಿನ ಮಸೂರವನ್ನು ಕೈಯಿಂದ ಮುಚ್ಚಿ, ನಡುವಣ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟಮಾಡಿಕೊಳ್ಳಬೇಕು; ಆಮೇಲೆ ಎಡಗಡೆಯದನ್ನು ಮುಚ್ಚಿ, ಬಲಗಣ್ಣಿಗೆ ಆ ಬಳೆಯಿಂದಲೇ ಸರಿಮಾಡಿಕೊಳ್ಳಬೇಕು. ಎರಡು ಕಣ್ಣುಗಳ ದೃಷ್ಟಿ ಒಂದೇ ಸಮನಾಗಿಲ್ಲದವರಿಗೆ ಇದು ಅವಶ್ಯ. ಬಹುಮಂದಿ ಈ ಬಳೆಯನ್ನು ಮುಟ್ಟದೆಯೇ ವರ್ಷಗಟ್ಟಲೆ ನೋಡಿ, ದುರ್ಬೀನು ಚೆನ್ನಾಗಿಲ್ಲವೆನ್ನುತ್ತಾರೆ. ನಮ್ಮ ಮೂವರ ಗುರುತುಗಳನ್ನೂ ಚೀಲದ ಒಳಮೈಯಲ್ಲಿ ಬರೆದಿಟ್ಟಿದ್ದೇವೆ.

ಕೊಳ್ಳುವ ಮುನ್ನ ಅಂಗಡಿಯಿಂದ ಬೀದಿಗೆ ಬಂದು ನೋಡಬೇಕು. ಒಳಗಿನ ದೀಪದಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆಗಲೇ ಹೇಳಿದ ಬೆಳಕಿನ ಬಿಲ್ಲೆ ದುಂಡಗಿರಬೇಕು. ಅಂಚು ಬೂದಾಗಿ, ಚೌಕದ ಹಾಗೆ ಕತ್ತರಿಸಿದಂತಿದ್ದರೆ ಒಳಗಿನ ಪಟ್ಟಕ ಕೀಳು ಜಾತಿಯದು. ದೂರದ ವಿದ್ಯುತ್ ತಂತಿಯನ್ನು ನೋಡುತ್ತ ದುರ್ಬೀನನ್ನು ಕಣ್ಣಿನಿಂದ ಮೆಲ್ಲಗೆ ಹಿಂದೆಳೆದಾಗ ಎರಡು ಬದಿಯ ತಂತಿಯೂ ಒಂದೇ ಸಾಲಿನಲ್ಲಿರಬೇಕು. ಒಂದು ಮೇಲೆ ಒಂದು ಕೆಳಗಾದರೆ ಕೊಳವೆಗಳು ಹೊಂದಿಲ್ಲವೆಂದು ತಿಳಿದು ಅಲ್ಲಿಯೇ ಹಿಂದಿರುಗಿಸಿ. ಅಂಥದರಲ್ಲಿ ಕಾಲು ಗಂಟೆ ನೋಡಿದರೆ ತಲೆನೋವು ಖಂಡಿತ. ಬೆಳ್ಳಗಿನ ಆಕಾಶದೆದುರು ಕಪ್ಪು ತಂತಿಗೆ ನೇರಿಳೆ, ಹಸಿರು ಅಂಚು ತೀರ ದಟ್ಟವಾಗಿ ಕಟ್ಟಿದರೂ ಬೇಡ. ತುಸು ಇದ್ದರೆ ನಮ್ಮ ಬೆಲೆಗೆ ಸಹಿಸಬೇಕು. ಆಕಾಶದ ಕಡೆ ತಿರುಗಿಸುವಾಗ ಸೂರ್ಯ ಎಲ್ಲಿದ್ದಾನೆಂಬ ಎಚ್ಚರವಿರಲಿ. ಹಾರುವ ಹದ್ದನ್ನು ಹಿಂಬಾಲಿಸುತ್ತ ದುರ್ಬೀನು ಅವನೆದುರಿಗೆ ಬಂದರೆ ಕಣ್ಣು ಹೋದೀತು.

ಇಷ್ಟೆಲ್ಲ ಮಾಡಿಯೂ ಚೀಲದ ದುರ್ಬೀನಿಗೆ ನಿಲುಕದ ಹಕ್ಕಿಗಳಿವೆ. ಚಳಿಗಾಲದಲ್ಲಿ ಕೆರೆಯ ಆಚೆ ದಡದ ಕೆಸರಿನಲ್ಲಿ ಓಡಾಡುವ ಗೊರವಗಳ ಬೆನ್ನಿನ ಚುಕ್ಕಿಗಳನ್ನು ಎಣಿಸಲು ಮುಕ್ಕಾಲಿಯ ಮೇಲಿಟ್ಟ ದೂರದರ್ಶಕ ಬೇಕು. ದಟ್ಟ ಕಾಡಿನ ನೆರಳಿಗೆ 8×42 ಬೇಕು. ಮಲೆನಾಡಿನ ಗೆಳೆಯರು ಸಾರಜನಕ ತುಂಬಿ ಮುಚ್ಚಿದ, ನೀರು ಹೋಗದ ಬಗೆಯದನ್ನೇ ಕೊಳ್ಳಬೇಕು, ದುಬಾರಿಯಾದರೂ ಸರಿ. ತುಂಗೆಯ ನಡುವೆ ಮಂಡಗದ್ದೆಯ ಬೆಳ್ಳಕ್ಕಿಗಳು ಗೂಡುಕಟ್ಟುವುದು ಮಳೆಗಾಲದಲ್ಲಿಯೇ. ತೇವ ಹೊಕ್ಕ ಮಸೂರದ ಮೇಲೆ ಬೂಷ್ಟು ಜೇಡರ ಬಲೆಯಂತೆ ಹರಡಿಕೊಂಡರೆ ಬಿಡಿಸುವುದು ಕಷ್ಟ.

ನಮ್ಮ ಬಯಲುಸೀಮೆಯವರಿಗೆ ಆ ಭಯ ಕಡಿಮೆ, ಧೂಳಿನ ಭಯ ಹೆಚ್ಚು. ಹೊಸ ಪಾದರಕ್ಷೆಯ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಹರಳಿನ ಪೊಟ್ಟಣವನ್ನು ದುರ್ಬೀನಿನ ಜೊತೆಗೆ ಇಟ್ಟಿದ್ದೇವೆ. ಮಸೂರದ ಮೇಲೆ ಧೂಳು ಕುಳಿತರೆ ಮೊದಲು ಊದಬೇಕು, ಆಮೇಲೆ ಮೆತ್ತನೆಯ ಕುಂಚದಿಂದ ಹಾರಿಸಬೇಕು, ಕೊನೆಗೆ ಕನ್ನಡಕದ ಬಟ್ಟೆಯಿಂದ ಒರೆಸಬೇಕು. ಷರಟಿನ ಚುಂಗಿನಿಂದ ಒರೆಸಿದವನ ಪಾಳಿ ಒಂದು ವಾರ ರದ್ದು ಎಂದು ನಮ್ಮ ಕೊಠಡಿಯಲ್ಲಿ ನಿಯಮ ಮಾಡಿಕೊಂಡಿದ್ದೇವೆ.