ಮನೆಯ ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್ ಕಣ್ಣಿಗೆ ಬೀಳದಿದ್ದಾಗ

ಮನೆಯ ವೈಫೈ ಮೂಲಕ ಹೋಗಿಬರುವ ಮಾಹಿತಿಯೆಲ್ಲ ಸಣ್ಣ ಸಣ್ಣ ತುಣುಕುಗಳಾಗಿ ಸಾಗುತ್ತದೆ. ಆ ತುಣುಕೇ ಪ್ಯಾಕೆಟ್. ಎಲ್ಲಿಂದ ಹೊರಟಿತು, ಎಲ್ಲಿಗೆ ಸೇರಬೇಕು ಎಂಬ ವಿಳಾಸ ಪ್ರತಿ ಪ್ಯಾಕೆಟ್‌ನಲ್ಲೂ ಇರುತ್ತದೆ. ಇವುಗಳನ್ನು ಹಿಡಿದು ಪರದೆಯ ಮೇಲೆ ಸಾಲಾಗಿ ತೋರಿಸುವ ಕೆಲಸವೇ ಪ್ಯಾಕೆಟ್ ಕ್ಯಾಪ್ಚರ್. ಸಿಸಿಟಿವಿ ಕ್ಯಾಮೆರಾದ ಸಂಪರ್ಕ ಪದೇ ಪದೇ ಏಕೆ ಕಡಿಯುತ್ತಿದೆ, ಟಿವಿ ಯಾವ ಸರ್ವರ್ ಜೊತೆ ವ್ಯವಹರಿಸುತ್ತಿದೆ ಎಂಬಂಥ ಪ್ರಶ್ನೆಗಳಿಗೆ ಊಹೆಯ ಬದಲು ಸಾಕ್ಷ್ಯ ಸಿಗುವುದು ಇದರಿಂದಲೇ. ಇದಕ್ಕೆ ಬಹಳವಾಗಿ ಬಳಕೆಯಲ್ಲಿರುವ ಉಚಿತ ತಂತ್ರಾಂಶ ವೈರ್‌ಶಾರ್ಕ್. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಲ್ಲಿ ಹೊರತಂದ ಈ ತಂತ್ರಾಂಶಕ್ಕೆ ಈಗಿನ ಹೆಸರು ಬಂದದ್ದು 2006ರಲ್ಲಿ.

ಮೊದಲ ಸಲ ಬಳಸುವವರಿಗೆ ಎದುರಾಗುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಪರದೆ ಖಾಲಿ ಇರುತ್ತದೆ, ಅಥವಾ ವೈರ್‌ಶಾರ್ಕ್ ಇರುವ ಲ್ಯಾಪ್‌ಟಾಪ್‌ನ ಪ್ಯಾಕೆಟ್ ಮಾತ್ರ ಕಾಣುತ್ತದೆ, ಅಥವಾ ಎಲ್ಲವೂ ಕಂಡರೂ ಓದಲಾಗುವುದಿಲ್ಲ. ಕಾರಣಗಳನ್ನು ಕೆಳಗಿನ ಕ್ರಮದಲ್ಲಿ ಒಂದೊಂದಾಗಿ ಪರಿಶೀಲಿಸುತ್ತಾ ಹೋದರೆ ತಪ್ಪು ಎಲ್ಲಿದೆಯೆಂದು ಗೊತ್ತಾಗುತ್ತದೆ.

ಹಂತ 1: ಅನುಮತಿ ಮತ್ತು ಡ್ರೈವರ್

ತಂತ್ರಾಂಶ ತೆರೆದಾಗ ವೈಫೈ, ಈಥರ್ನೆಟ್ ಎಂಬ ಇಂಟರ್‌ಫೇಸ್‌ಗಳ ಪಟ್ಟಿ ಕಾಣಬೇಕು. ಪಟ್ಟಿಯೇ ಇಲ್ಲದಿದ್ದರೆ ಸಾಮಾನ್ಯವಾಗಿ ಪ್ಯಾಕೆಟ್ ಹಿಡಿಯುವ ಅನುಮತಿ ಸಿಕ್ಕಿಲ್ಲ ಅಥವಾ ಡ್ರೈವರ್ ಕೆಲಸ ಮಾಡುತ್ತಿಲ್ಲ ಎಂದರ್ಥ. ವಿಂಡೋಸ್‌ನಲ್ಲಿ ಪ್ಯಾಕೆಟ್ ಹಿಡಿಯುವುದು ಎನ್‌ಪಿಕ್ಯಾಪ್ ಎಂಬ ಡ್ರೈವರ್; ಅದನ್ನು ಮರುಸ್ಥಾಪಿಸಿ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಲಿನಕ್ಸ್‌ನ ಉಬುಂಟುವಿನಂಥ ಆವೃತ್ತಿಗಳಲ್ಲಿ ಬಳಕೆದಾರರ ಖಾತೆಯನ್ನು ‘ವೈರ್‌ಶಾರ್ಕ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಮ್ಯಾಕ್‌ನಲ್ಲಿ ತಂತ್ರಾಂಶದ ಜೊತೆಗೇ ಬರುವ ‘ಸಿಎಚ್‌ಮಾಡ್‌ಬಿಪಿಎಫ್’ ಎಂಬ ಪೂರಕವನ್ನು ಸ್ಥಾಪಿಸಬೇಕು.

ಹಂತ 2: ಸರಿಯಾದ ಇಂಟರ್‌ಫೇಸ್

ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಸಣ್ಣ ಗೆರೆಯೊಂದು ಓಡುತ್ತಿರುತ್ತದೆ. ಗೆರೆ ಏರಿಳಿಯುತ್ತಿದ್ದರೆ ಅಲ್ಲಿ ಸಂಚಾರವಿದೆ, ಚಪ್ಪಟೆಯಾಗಿದ್ದರೆ ಇಲ್ಲ. ಇಂಟರ್ನೆಟ್ ವೈಫೈಯಿಂದ ಬರುತ್ತಿದ್ದು, ಆಯ್ಕೆ ಮಾಡಿದ್ದು ಈಥರ್ನೆಟ್ ಆಗಿದ್ದರೆ ಪರದೆ ಖಾಲಿಯಾಗಿಯೇ ಇರುತ್ತದೆ. ವಿಪಿಎನ್ ಚಾಲೂ ಇದ್ದರೆ ಪ್ಯಾಕೆಟ್‌ಗಳು ಗೂಢಲಿಪಿಯಲ್ಲಿ ಸುತ್ತಿಕೊಂಡು ಹೋಗುತ್ತವೆ. ಹಾಗಾಗಿ ಪರೀಕ್ಷೆ ಮುಗಿಯುವವರೆಗೆ ಅದನ್ನು ನಿಲ್ಲಿಸುವುದು ಒಳ್ಳೆಯದು.

ಹಂತ 3: ಎಂಟು ಪ್ಯಾಕೆಟ್‌ಗಳ ಪರೀಕ್ಷೆ

ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಲು ಸರಳ ಉಪಾಯವಿದೆ. ಕ್ಯಾಪ್ಚರ್ ಆರಂಭಿಸಿ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರ್‌ನ ಐಪಿ ವಿಳಾಸಕ್ಕೆ ಪಿಂಗ್ ಮಾಡಬೇಕು. ಹಲವು ಮನೆಗಳಲ್ಲಿ ಅದು 192.168.1.1 ಆಗಿರುತ್ತದೆ. ವಿಂಡೋಸ್ ನಾಲ್ಕು ಸಲ ಕೇಳುತ್ತದೆ, ರೂಟರ್ ನಾಲ್ಕು ಸಲ ಉತ್ತರಿಸುತ್ತದೆ. ಫಿಲ್ಟರ್ ಪಟ್ಟಿಯಲ್ಲಿ ಪಿಂಗ್ ಬಳಸುವ ನಿಯಮಾವಳಿಯ ಹೆಸರಾದ ಐಸಿಎಂಪಿ ಎಂದು ಬರೆದರೆ ಎಂಟು ಸಾಲು ಕಾಣಬೇಕು. ಎಂಟೂ ಕಂಡರೆ ಉಪಕರಣದಲ್ಲಿ ದೋಷವಿಲ್ಲ. ನಾಲ್ಕೇ ಕಂಡರೆ ಉತ್ತರ ಬಂದಿಲ್ಲ. ಒಂದೂ ಕಾಣದಿದ್ದರೆ ಹಿಂದಿನ ಎರಡು ಹಂತಗಳಿಗೆ ಮರಳಬೇಕು.

ಹಂತ 4: ಫಿಲ್ಟರ್ ಗೊಂದಲ

ವೈರ್‌ಶಾರ್ಕ್‌ನಲ್ಲಿ ಫಿಲ್ಟರ್ ಎರಡು ಬಗೆ. ಕ್ಯಾಪ್ಚರ್ ಫಿಲ್ಟರ್ ಏನನ್ನು ಹಿಡಿಯಬೇಕೆಂದು ಮೊದಲೇ ನಿರ್ಧರಿಸುತ್ತದೆ. ಅದು ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ಡಿಸ್‌ಪ್ಲೇ ಫಿಲ್ಟರ್ ಹಿಡಿದಿಟ್ಟದ್ದರಲ್ಲಿ ಯಾವುದನ್ನು ತೋರಿಸಬೇಕೆಂದು ಮಾತ್ರ ಆರಿಸುತ್ತದೆ. ಎರಡರ ಬರವಣಿಗೆಯ ರೀತಿಯೂ ಬೇರೆ. ಒಂದರ ಸೂತ್ರವನ್ನು ಇನ್ನೊಂದರಲ್ಲಿ ಬರೆದರೆ ಪಟ್ಟಿ ಕೆಂಪಾಗುವುದೇ ಹೆಚ್ಚು. ಕಾರಣ ತಿಳಿಯದಾಗ ಎರಡನ್ನೂ ಅಳಿಸಿ ಹೊಸದಾಗಿ ಕ್ಯಾಪ್ಚರ್ ಮಾಡುವುದು ಕ್ಷೇಮ.

ಹಂತ 5: ಲ್ಯಾಪ್‌ಟಾಪ್‌ನದು ಮಾತ್ರ ಕಾಣುವುದೇಕೆ?

ಇದು ಅತಿ ಹೆಚ್ಚು ಜನರನ್ನು ಕಾಡುವ ಸಮಸ್ಯೆ. ಹಳೆಯ ಕಾಲದ ಹಬ್ ತನಗೆ ಬಂದ ಪ್ಯಾಕೆಟನ್ನು ಎಲ್ಲ ತಂತಿಗಳಿಗೂ ಹಂಚುತ್ತಿತ್ತು. ಇಂದಿನ ರೂಟರ್‌ನೊಳಗಿನ ಸ್ವಿಚ್ ಹಾಗಲ್ಲ. ಅಂಚೆಯವನಂತೆ ವಿಳಾಸ ನೋಡಿ ಆ ಬಾಗಿಲಿಗಷ್ಟೇ ತಲುಪಿಸುತ್ತದೆ. ಕ್ಯಾಮೆರಾದಿಂದ ರೂಟರ್‌ಗೆ ಹೋಗುವ ಪ್ಯಾಕೆಟ್ ಲ್ಯಾಪ್‌ಟಾಪ್‌ನ ಬಾಗಿಲಿಗೆ ಬರುವುದೇ ಇಲ್ಲ. ವೈಫೈಯಲ್ಲಿ ಸಂಕೇತ ಗಾಳಿಯಲ್ಲಿ ಎಲ್ಲರಿಗೂ ಸಿಗುವುದಾದರೂ, ಪ್ರತಿ ಸಾಧನಕ್ಕೂ ಬೇರೆ ಬೇರೆ ಕೀಲಿ ಇರುವುದರಿಂದ ಸಾಮಾನ್ಯ ಸ್ಥಿತಿಯಲ್ಲಿ ಅದೂ ಕಾಣುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಕ್ಯಾಪ್ಚರ್ ನಡೆಯುತ್ತಿರುವಾಗ ಕ್ಯಾಮೆರಾವನ್ನು ಆಫ್ ಮಾಡಿ ಮತ್ತೆ ಆನ್ ಮಾಡಬೇಕು. 0.0.0.0 ಎಂಬ ವಿಳಾಸದಿಂದ 255.255.255.255ಕ್ಕೆ ‘ಡಿಎಚ್‌ಸಿಪಿ ಡಿಸ್ಕವರ್’ ಎಂಬ ಪ್ಯಾಕೆಟ್ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ತನಗಿನ್ನೂ ವಿಳಾಸವಿಲ್ಲ, ಯಾರಾದರೂ ಕೊಡಿ ಎಂದು ಕ್ಯಾಮೆರಾ ಇಡೀ ನೆಟ್‌ವರ್ಕ್‌ಗೆ ಕೂಗಿ ಹೇಳುವ ಮಾತು ಅದು. ಎಲ್ಲರನ್ನೂ ಉದ್ದೇಶಿಸಿದ್ದರಿಂದ ಲ್ಯಾಪ್‌ಟಾಪ್‌ಗೂ ಕೇಳಿಸಿತು. ವಿಳಾಸ ಸಿಕ್ಕ ಬಳಿಕ ಕ್ಯಾಮೆರಾ ತನ್ನ ಸರ್ವರ್ ಜೊತೆ ನಡೆಸುವ ವ್ಯವಹಾರದ ಒಂದು ಸಾಲೂ ಬರುವುದಿಲ್ಲ. ಕ್ಯಾಮೆರಾ ಕೆಟ್ಟಿಲ್ಲ, ವೈರ್‌ಶಾರ್ಕ್ ಕೂಡ ಕೆಟ್ಟಿಲ್ಲ. ಹಿಡಿಯಲು ನಿಂತ ಜಾಗ ಸರಿಯಿಲ್ಲ.

ಹಂತ 6: ಜಾಗ ಬದಲಿಸುವ ದಾರಿಗಳು

ಎಲ್ಲಕ್ಕಿಂತ ಸುಲಭದ್ದು ಲ್ಯಾಪ್‌ಟಾಪನ್ನೇ ದಾರಿಯ ಮಧ್ಯೆ ನಿಲ್ಲಿಸುವುದು. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ, ವಿಂಡೋಸ್‌ನ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಕ್ಯಾಮೆರಾವನ್ನು ಆ ಹಾಟ್‌ಸ್ಪಾಟ್‌ಗೆ ಸೇರಿಸಬೇಕು. ಆಗ ಕ್ಯಾಮೆರಾಕ್ಕೆ ಸಾಮಾನ್ಯವಾಗಿ 192.168.137 ಎಂದು ಶುರುವಾಗುವ ವಿಳಾಸ ಸಿಗುತ್ತದೆ, ಅದರ ಪ್ರತಿ ಪ್ಯಾಕೆಟ್ಟೂ ಲ್ಯಾಪ್‌ಟಾಪ್ ದಾಟಿಯೇ ಹೋಗಬೇಕಾಗುತ್ತದೆ. ಕ್ಯಾಪ್ಚರ್‌ಗೆ ಆರಿಸಬೇಕಾದದ್ದು ಹಾಟ್‌ಸ್ಪಾಟ್‌ನ ಇಂಟರ್‌ಫೇಸ್.

ಕೇಬಲ್‌ನಲ್ಲೇ ಕೆಲಸ ಮಾಡುವ ಸಾಧನವಾದರೆ, ಪೋರ್ಟ್ ಮಿರರಿಂಗ್ ಇರುವ ಸ್ವಿಚ್ ಬೇಕು. ಅದು ಒಂದು ಪೋರ್ಟ್‌ನ ಸಂಚಾರದ ನಕಲನ್ನು ಇನ್ನೊಂದಕ್ಕೆ ಕಳಿಸುತ್ತದೆ. ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಇದ್ದರೆ, ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಎಂಬ ಉಪಕರಣವನ್ನು ಸ್ಥಾಪಿಸಿ ಅಲ್ಲಿಯೇ ಹಿಡಿಯಬಹುದು.

ಗಾಳಿಯಲ್ಲಿನ ವೈಫೈ ಸಂಕೇತವನ್ನೇ ಹಿಡಿಯುವುದಾದರೆ ಮಾನಿಟರ್ ಮೋಡ್ ಬೇಕು. ಎಲ್ಲ ವೈಫೈ ಕಾರ್ಡ್‌ಗಳೂ ಇದಕ್ಕೆ ಒಪ್ಪುವುದಿಲ್ಲ. ಡಬ್ಲ್ಯುಪಿಎ2 ಭದ್ರತೆಯ ವೈಫೈ ಆದರೆ ಪಾಸ್‌ವರ್ಡ್ ಜೊತೆಗೆ, ಸಾಧನ ರೂಟರ್‌ಗೆ ಸೇರುವಾಗ ವಿನಿಮಯವಾಗುವ ನಾಲ್ಕು ಸಂದೇಶಗಳೂ ಸಿಗಬೇಕು. ಆದ್ದರಿಂದ ಮೊದಲು ಕ್ಯಾಪ್ಚರ್ ಆರಂಭಿಸಿ, ಅನಂತರ ಸಾಧನವನ್ನು ಮತ್ತೆ ವೈಫೈಗೆ ಸೇರಿಸಬೇಕು. ಡಬ್ಲ್ಯುಪಿಎ3ಯಲ್ಲಿ ಪಾಸ್‌ವರ್ಡ್ ಗೊತ್ತಿದ್ದರೂ ಈ ದಾರಿ ನಡೆಯದು.

ಹಂತ 7: ಕಂಡರೂ ಓದಲಾಗದಿದ್ದರೆ

ಇಂದಿನ ಹೆಚ್ಚಿನ ವೆಬ್‌ಸೈಟ್ ಮತ್ತು ಆ್ಯಪ್‌ಗಳ ಸಂಚಾರ ಟಿಎಲ್‌ಎಸ್ ಎಂಬ ಗೂಢಲಿಪಿಯಲ್ಲಿ ಸಾಗುತ್ತದೆ. ಒಳಗಿನ ವಿಷಯ ಕಾಣದಿರುವುದು ದೋಷವಲ್ಲ, ರಕ್ಷಣೆ. ಸಾಧನ ಯಾವ ಸರ್ವರ್‌ನ ಹೆಸರನ್ನು ವಿಚಾರಿಸಿತು ಎಂಬುದು ಪೋರ್ಟ್ 53ರ ಡಿಎನ್‌ಎಸ್ ಪ್ಯಾಕೆಟ್‌ಗಳಲ್ಲಿ ಸಿಗುತ್ತದೆ. ಬ್ರೌಸರ್ ಡಿಎನ್‌ಎಸ್ಸನ್ನೂ ಗೂಢಲಿಪಿಯಲ್ಲಿ ಕಳಿಸುತ್ತಿದ್ದರೆ ಅದೂ ಸಿಗುವುದಿಲ್ಲ.

ಕೆಲವೊಮ್ಮೆ ಲ್ಯಾಪ್‌ಟಾಪ್‌ನಿಂದ ಹೊರಡುವ ಪ್ಯಾಕೆಟ್‌ಗಳಿಗೆಲ್ಲ ಚೆಕ್‌ಸಮ್, ಅಂದರೆ ದೋಷ ಪತ್ತೆಹಚ್ಚುವ ಲೆಕ್ಕ, ತಪ್ಪಿದೆ ಎಂಬ ಎಚ್ಚರಿಕೆ ಬರುತ್ತದೆ. ಆ ಲೆಕ್ಕವನ್ನು ನೆಟ್‌ವರ್ಕ್ ಕಾರ್ಡ್ ಕೊನೆಯಲ್ಲಿ ಮಾಡುತ್ತದೆ. ವೈರ್‌ಶಾರ್ಕ್ ಅದಕ್ಕೂ ಮೊದಲೇ ನೋಡಿರುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ.

ಕೊನೆಯ ಎಚ್ಚರ

ಉಳಿಸಿಟ್ಟ ಕ್ಯಾಪ್ಚರ್ ಕಡತದಲ್ಲಿ ಮನೆಯವರ ಖಾಸಗಿ ವಿವರಗಳಿರಬಹುದು. ಅದನ್ನು ಹಾಗೆಯೇ ಬೇರೆಯವರಿಗೆ ಕಳಿಸಬಾರದು. ಕೆಲಸ ಮುಗಿದ ಮೇಲೆ ಅಳಿಸಬೇಕು. ಮನೆಯ ಇತರರ ಫೋನ್‌ ಸಂಚಾರವನ್ನು ಹಿಡಿಯುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು. ನೆರೆಮನೆಯ ಅಥವಾ ಕಚೇರಿಯ ನೆಟ್‌ವರ್ಕ್‌ನಲ್ಲಿ ಅನುಮತಿಯಿಲ್ಲದೆ ಮಾಹಿತಿ ತೆಗೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ವ್ಯಾಪ್ತಿಗೆ ಬರುತ್ತದೆ. ಅದರ ಹಿಂದೆ ವಂಚನೆಯ ಉದ್ದೇಶವಿದ್ದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಈ ವಿದ್ಯೆಯನ್ನು ಸ್ವಂತ ಮನೆಯ ನೆಟ್‌ವರ್ಕ್‌ಗಷ್ಟೇ ಬಳಸಬೇಕು.